ದಟ್ಟ ಕಾಡಿನಲ್ಲಿ ಎಲ್ಕ್ ಬೇಟೆ: ಗುಂಡು ಆರಿಸುವಾಗಲೇ ಜಾಡಿನ ಯೋಚನೆ ಇರಲಿ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬೇಟೆಯ ಸೀಸನ್ ಶುರುವಾಗಿ ನಾಲ್ಕು ಈಡಿನ ಸದ್ದು ಕೇಳಿತೆಂದರೆ ಎಲ್ಕ್ ಎಂಬ ದೊಡ್ಡ ಜಿಂಕೆ ಬಯಲಿನಲ್ಲಿ ನಿಲ್ಲುವುದಿಲ್ಲ. ಬೆಟ್ಟದ ಉತ್ತರದ ಮಗ್ಗುಲಲ್ಲಿರುವ ಸ್ಪ್ರೂಸ್, ಫರ್ ಮರಗಳ ನೆರಳಿಗೆ ನುಗ್ಗಿಬಿಡುತ್ತದೆ. ಅಲ್ಲಿ ನಿಮಗೂ ಅದಕ್ಕೂ ನಡುವೆ ಐವತ್ತು ಗಜ ಇದ್ದರೆ ಜಾಸ್ತಿ. ಗುಂಡು ತಿಂದ ಮೇಲೂ ಅದು ಓಡಬಹುದು, ಇಪ್ಪತ್ತು ಹೆಜ್ಜೆಯಲ್ಲೇ ಕಣ್ಮರೆಯಾಗಬಹುದು. ಹಾಗಾಗಿ ಗುಂಡು ಆರಿಸುವಾಗಲೇ ಹುಡುಕುವ ಯೋಚನೆಯೂ ಇರಬೇಕು.

ಭಾರತದಲ್ಲಿ 1972ರ ಕಾಯ್ದೆಯ ಪ್ರಕಾರ ವನ್ಯಜೀವಿ ಬೇಟೆ ಅಪರಾಧ. ಇದು ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ತರಬೇತಿ ಮುಗಿಸಿ, ಲೈಸೆನ್ಸ್ ಪಡೆದು ಹೊರಟ ಕನ್ನಡಿಗರಿಗೆ.

ಮೊದಲು ಕಾನೂನು. ಕೊಲರಾಡೊದಲ್ಲಿ ಎಲ್ಕ್‌ಗೆ ಬಳಸುವ ಗುಂಡು ಕನಿಷ್ಠ 85 ಗ್ರೇನ್ (ಗುಂಡು ತೂಗುವ ಅಳತೆ) ತೂಗಬೇಕು, ಬಡಿದಾಗ ಅರಳುವಂಥದ್ದಾಗಿರಬೇಕು. 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಇದು ಕನಿಷ್ಠ ಅಷ್ಟೇ. ಗಂಡು ಎಲ್ಕ್ 300 ಕಿಲೋ ದಾಟುವ ಪ್ರಾಣಿ. .30-06 ಎಂಬ ಅಳತೆಯ ತೋಟಾ ಹಾಕುವ ರೈಫಲ್‌ಗೆ 165ರಿಂದ 180 ಗ್ರೇನ್ ಹಿತವಾದ ತೂಕ. 180 ಗ್ರೇನ್ ಅಂದರೆ ಸುಮಾರು 11.7 ಗ್ರಾಂ.

ತೂಕಕ್ಕಿಂತ ಮುಖ್ಯ ಗುಂಡಿನ ಕಟ್ಟು. ಹತ್ತಿರದಿಂದ ಹೊಡೆದಾಗ ಗುಂಡಿನ ವೇಗ ಇನ್ನೂ ಇಳಿದಿರುವುದಿಲ್ಲ. ತೆಳು ಕವಚದ ಗುಂಡು ಆ ವೇಗದಲ್ಲಿ ಭುಜದ ಮೂಳೆಗೆ ಬಡಿದರೆ ಒಳಗೆ ಹೋಗುವ ಮೊದಲೇ ಚೂರಾಗಬಹುದು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಎಂಬಾತನಿಗೆ ಮೂಸ್ (ಎಲ್ಕ್‌ಗಿಂತ ದೊಡ್ಡ ಜಿಂಕೆ) ಬೇಟೆಯಲ್ಲಿ ಹೀಗೇ ಆಯಿತು. ಆಮೇಲೆ ಆತ ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಟ್ಟ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಒಳಗೆ ನುಗ್ಗುತ್ತದೆ. ಅದೇ ನೋಸ್ಲರ್ ಪಾರ್ಟಿಷನ್, ಇವತ್ತಿಗೂ ಮಾರಾಟದಲ್ಲಿದೆ. ಸೀಸವನ್ನು ಕವಚಕ್ಕೆ ಬೆಸೆದ ಬಾಂಡೆಡ್ ಗುಂಡುಗಳೂ ಒಳ್ಳೆಯವು.

ನನ್ನ ಆಯ್ಕೆ ಪೂರ್ತಿ ತಾಮ್ರದ ಗುಂಡು. ಅದು ಸುಲಭಕ್ಕೆ ಚೂರಾಗುವುದಿಲ್ಲ, ಆದ್ದರಿಂದ ತೂಕ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ. ಮನೆಮಂದಿ ತಿನ್ನುವ ಮಾಂಸದಲ್ಲಿ ಸೀಸದ ಪುಡಿ ಉಳಿಯುವುದಿಲ್ಲ, ಬಿಟ್ಟುಬಂದ ಕರುಳನ್ನು ತಿನ್ನುವ ಹದ್ದುಗಳಿಗೂ ವಿಷವಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2019ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತೆಯೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇಂಥ ಗುಂಡು ಆಚೆ ಕಡೆಯಿಂದ ಹೊರಬರುವ ಸಾಧ್ಯತೆ ಜಾಸ್ತಿ. ಎಲ್ಕ್‌ನ ರೋಮ ದಟ್ಟ. ಒಂದೇ ತೂತಾದರೆ ರಕ್ತ ಅದರಲ್ಲೇ ಹೀರಿಹೋಗಿ ನೆಲಕ್ಕೆ ಹನಿಯೇ ಬೀಳದಿರಬಹುದು.

ಭಾರದ ಗುಂಡು ಪೊದೆಯನ್ನು ಸೀಳಿಕೊಂಡು ನೇರ ಹೋಗುತ್ತದೆ ಅಂತಾರೆ, ನಂಬಬೇಡಿ. ಸಣ್ಣ ಕಡ್ಡಿ ತಗುಲಿದರೂ ದಿಕ್ಕು ತಪ್ಪುತ್ತದೆ. ಪ್ರಾಣಿ ಅಡ್ಡಲಾಗಿ ನಿಂತು, ಮುಂಗಾಲಿನ ಹಿಂದಿನ ಜಾಗ ಸ್ಪಷ್ಟವಾಗಿ ಕಂಡರೆ ಮಾತ್ರ ಟ್ರಿಗರ್ ಒತ್ತಿ. ಇಲ್ಲವಾದರೆ ಬಿಟ್ಟುಬಿಡಿ.

ಹೊಡೆದ ಕೂಡಲೇ ಇನ್ನೊಂದು ತೋಟಾ ಏರಿಸಿ. ಎಲ್ಕ್ ಇನ್ನೂ ನಿಂತಿದ್ದರೆ ಮತ್ತೆ ಹೊಡೆಯಿರಿ. ಓಡಿದರೆ ಕಿವಿಗೊಡಿ, ಯಾವ ಮರದ ಪಕ್ಕ ಮರೆಯಾಯಿತೆಂದು ಗುರುತಿಟ್ಟುಕೊಳ್ಳಿ. ನೀವು ನಿಂತಿದ್ದ ಜಾಗಕ್ಕೂ ಬಣ್ಣದ ರಿಬ್ಬನ್ ಕಟ್ಟಿ. ಅರ್ಧ ಗಂಟೆ ಕಾದು, ಅದು ನಿಂತಿದ್ದ ಜಾಗಕ್ಕೆ ಹೋಗಿ.

ಅಲ್ಲಿ ಮಂಡಿಯೂರಿ ನೋಡಿ. ಉದುರಿದ ರೋಮ, ಕಿತ್ತುಬಂದ ಮಣ್ಣು, ಸೂಜಿಯೆಲೆಗಳ ಮೇಲಿನ ಹನಿ. ನೊರೆ ಬೆರೆತ ತಿಳಿಗೆಂಪಾದರೆ ಶ್ವಾಸಕೋಶ. ಎಲ್ಕ್ ದೂರ ಹೋಗಿರುವುದಿಲ್ಲ. ಕಡುಗೆಂಪಾದರೆ ಯಕೃತ್ತು ಇರಬಹುದು; ಇನ್ನೂ ಒಂದೆರಡು ಗಂಟೆ ಕಾಯಿರಿ. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ. ಆಗ ಹಲವು ಗಂಟೆ ತಡೆಯಲೇಬೇಕು. ಅವಸರಪಟ್ಟು ಎಬ್ಬಿಸಿದರೆ ಮೈಲಿಗಟ್ಟಲೆ ನಡೆದುಬಿಡುತ್ತದೆ.

ಜಾಡಿನ ಮೇಲೆ ಕಾಲಿಡದೆ ಪಕ್ಕದಲ್ಲಿ ನಡೆಯಿರಿ. ನೆಲವನ್ನಷ್ಟೇ ನೋಡಬೇಡಿ, ಸೊಂಟದೆತ್ತರದ ಕೊಂಬೆ, ಕಾಂಡಗಳಿಗೂ ರಕ್ತ ಸವರಿರುತ್ತದೆ. ಕೊನೆಯ ಹನಿ ಸಿಕ್ಕಲ್ಲಿ ರಿಬ್ಬನ್ ಕಟ್ಟಿ, ಅಲ್ಲಿಂದ ಸುತ್ತು ದೊಡ್ಡದು ಮಾಡುತ್ತಾ ಹುಡುಕಿ. ಎಲ್ಲಾ ಹೆಜ್ಜೆಗಳೂ ಕಲಸಿಹೋದ ಕಡೆ, ಹಿಂಡಿನಿಂದ ಬೇರೆಯಾಗಿ ಹೋದ ಒಂಟಿ ಗೊರಸಿನ ಗುರುತನ್ನು ಮೊದಲು ಹಿಡಿಯಿರಿ.

ಸಿಕ್ಕ ಮೇಲೆ ಲೈಸೆನ್ಸಿನ ಟ್ಯಾಗ್‌ಗೆ ಅಲ್ಲೇ ಸಹಿ, ದಿನಾಂಕ ಹಾಕಿ. ಆಮೇಲೆ ತಡಮಾಡದೆ ಚರ್ಮ ಬಿಡಿಸಿ. ಆ ದಪ್ಪ ಚರ್ಮದೊಳಗೆ ಶಾಖ ನಿಂತರೆ ಹಿಮದಲ್ಲೂ ಮಾಂಸ ಕೆಡುತ್ತದೆ, ಅದರಲ್ಲೂ ತೊಡೆಯ ಮೂಳೆಯ ಸುತ್ತ.