ನೆಲದಾಳದ ಅನ್ಯಲೋಕದ ಬೇಟೆಗಾರನನ್ನು ಕಥೆಗಾಗಿ ಕಟ್ಟುವ ಬಗೆ

ಬೇರೊಂದು ಗ್ರಹದ ಆಳದ ಗುಹೆಗಳಲ್ಲಿ ಬದುಕುವ ಬೇಟೆಪ್ರಾಣಿಯನ್ನು ಕಲ್ಪಿಸಲು ಕೂತವರು ಮೊದಲು ಬರೆದಿಡುವುದು ಸಾಮಾನ್ಯವಾಗಿ ಅದರ ಕೋರೆಹಲ್ಲು ಮತ್ತು ಉಗುರುಗಳನ್ನು. ಆ ವಿವರಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರಾಣಿ ಏನನ್ನು ತಿನ್ನುತ್ತದೆ, ಅದು ತಿನ್ನುವ ಜೀವಿಗೆ ಮೇವು ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ಮೊದಲು ಕೂಡಿಬಂದರೆ ಅದರ ಗಾತ್ರ, ನಡೆ, ಸ್ವಭಾವಗಳು ಬಹುಮಟ್ಟಿಗೆ ತಾವಾಗಿಯೇ ತೀರ್ಮಾನವಾಗುತ್ತವೆ.

ಬೆಳಕಿಲ್ಲದಲ್ಲಿ ಹಸಿರು ಬೆಳೆಯದು. ಆದ್ದರಿಂದ ಗುಹೆಯ ಆಹಾರ ಒಂದೋ ಹೊರಗಿನಿಂದ ಬರಬೇಕು, ಇಲ್ಲವೇ ಕಲ್ಲು ನೀರುಗಳಿಂದಲೇ ಹುಟ್ಟಬೇಕು. ಬೆಳಗಾವಿ ಜಿಲ್ಲೆಯ ಬಾರಾಪೆಡೆ ಗುಹೆಯ ಬಾವಲಿಗಳಂತೆ ಇರುಳು ಹೊರಗೆ ಹುಳು ಹಿಡಿದು ತಿಂದು, ಹಗಲು ಒಳಗೆ ನೇತಾಡಿ ಹಿಕ್ಕೆ ಹಾಕುವ ಜೀವಿಗಳು ಮೊದಲ ಬಗೆಯ ಪೂರೈಕೆದಾರರು. ಆದರೆ ನಿಮ್ಮ ಗ್ರಹದ ಮೇಲ್ಮೈ ಬರಡಾಗಿದ್ದರೆ ಎರಡನೆಯ ದಾರಿಯೇ ಗತಿ, ಮತ್ತು ಅದಕ್ಕೆ ಭೂಮಿಯ ಮೇಲೆಯೇ ಮಾದರಿಯಿದೆ. ರೊಮಾನಿಯಾದ ಮೊವಿಲೆ ಗುಹೆ ಪತ್ತೆಯಾದದ್ದು 1986ರಲ್ಲಿ; ಅದಕ್ಕೂ ಮುಂಚೆ ಸುಮಾರು 55 ಲಕ್ಷ ವರ್ಷ ಅದು ಹೊರಜಗತ್ತಿನಿಂದ ಮುಚ್ಚಿಹೋಗಿತ್ತೆಂದು ಅಂದಾಜು. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್‌ಗಳಿಂದ ಶಕ್ತಿ ಪಡೆಯುವ ಸೂಕ್ಷ್ಮಜೀವಿಗಳು ಕಾಯಿಸಿದ ಹಾಲಿನ ಕೆನೆಯಂತೆ ನೀರಿನ ಮೇಲೆ ಪದರ ಕಟ್ಟುತ್ತವೆ, ಆ ಕೆನೆಯನ್ನು ಸಣ್ಣ ಜೀವಿಗಳು ಮೇಯುತ್ತವೆ, ಅವುಗಳನ್ನು ಕುರುಡು ನೀರುಚೇಳು ಮತ್ತು ಶತಪದಿ ಹಿಡಿಯುತ್ತವೆ. ಅಲ್ಲಿನ ಶತಪದಿಗೆ ವಿಜ್ಞಾನಿಗಳು 2020ರಲ್ಲಿ ಗುಹೆಯ ರಾಜ ಎಂಬರ್ಥದ ಹೆಸರಿಟ್ಟರು. ಆ ರಾಜನ ಉದ್ದ ಸುಮಾರು ಐದು ಸೆಂಟಿಮೀಟರ್!

ಕಾರಣ ಸರಳ. ಆಹಾರ ಸರಪಳಿಯ ಪ್ರತಿ ಮೆಟ್ಟಿಲಿನಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಶಕ್ತಿ ಮಾತ್ರ ಮೇಲಕ್ಕೆ ದಾಟುತ್ತದೆ ಎಂಬುದು ಸ್ಥೂಲ ನಿಯಮ. ಆನೆಗಾತ್ರದ ಬೇಟೆಗಾರ ಬೇಕೇಬೇಕೆಂದರೆ ಮೈಲಿಗಟ್ಟಲೆ ಹರಡಿದ ಕೆನೆಯ ಸರೋವರವನ್ನೂ ಅದನ್ನು ಮೇಯುವ ಹಿಂಡುಗಳನ್ನೂ ನೀವು ಓದುಗನಿಗೆ ತೋರಿಸಬೇಕಾಗುತ್ತದೆ. ನನ್ನನ್ನು ಕೇಳಿದರೆ, ಮೊಣಕಾಲೆತ್ತರದ ಪ್ರಾಣಿಯೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ನಡೆಯ ವಿಷಯದಲ್ಲಿ ಯುರೋಪಿನ ಗುಹೆಗಳ ಓಲ್ಮ್ ಎಂಬ ಕುರುಡು ಉಭಯಚರಿಯನ್ನು ಗಮನಿಸಬೇಕು. ಹರ್ಜೆಗೊವಿನಾದಲ್ಲಿ ಸಂಶೋಧಕರು ಗುರುತು ಹಾಕಿ ಬಿಟ್ಟಿದ್ದ ಒಂದು ಓಲ್ಮ್ 2,569 ದಿನಗಳ ನಂತರವೂ ಅದೇ ಜಾಗದಲ್ಲಿ ಸಿಕ್ಕಿತು. ವರ್ಷಗಟ್ಟಲೆ ಉಪವಾಸವಿರಬಲ್ಲ ಈ ಜೀವಿ ಅಟ್ಟಿಸಿಕೊಂಡು ಹೋಗುವ ದುಂದುವೆಚ್ಚಕ್ಕೆ ಇಳಿಯುವುದಿಲ್ಲ. ನಿಮ್ಮ ಬೇಟೆಗಾರನೂ ಓಡದಿರಲಿ. ಕಾಯಲಿ, ಬಲೆಯೊಡ್ಡಲಿ: ನ್ಯೂಜಿಲೆಂಡಿನ ವೈಟೊಮೊ ಗುಹೆಗಳಲ್ಲಿ ಚಾವಣಿಗೆ ಅಂಟಿಕೊಂಡ ಮಿಣುಕುವ ಮರಿಹುಳು ಅಂಟುಹನಿ ಪೋಣಿಸಿದ ರೇಷ್ಮೆಯೆಳೆಗಳನ್ನು ಇಳಿಬಿಟ್ಟು, ಬೆಳಕಿಗೆ ಮರುಳಾಗಿ ಬಂದ ಕೀಟ ಸಿಕ್ಕಿಕೊಂಡೊಡನೆ ಆ ಎಳೆಯನ್ನು ಮೇಲಕ್ಕೆಳೆದು ತಿನ್ನುತ್ತದೆ. ಆದರೆ ಬೆಳಕಿನ ಆಮಿಷ ನಡೆಯುವುದು ಬೇಟೆಗೆ ಕಣ್ಣಿದ್ದಾಗ ಮಾತ್ರ. ಮೇಲ್ಮೈಯೊಡನೆ ಸಂಬಂಧವೇ ಇಲ್ಲದ ಆಳದಲ್ಲಿ ಆಮಿಷವನ್ನು ವಾಸನೆಗೋ ಬಿಸಿಗೋ ಬದಲಾಯಿಸಿಕೊಳ್ಳಿ.

ಇಂದ್ರಿಯಗಳನ್ನು ಆರಿಸುವಾಗ ಬಾವಲಿಯ ಪ್ರತಿಧ್ವನಿಯ ಕಡೆಗೆ ಕೈ ಚಾಚುವ ಮುನ್ನ ಸ್ವಲ್ಪ ಯೋಚಿಸಬೇಕು, ಏಕೆಂದರೆ ಸದ್ದು ಮಾಡುತ್ತ ಬರುವ ಬೇಟೆಗಾರ ತನ್ನ ಇರವನ್ನು ತಾನೇ ಸಾರುತ್ತಾನೆ. ಮೆಕ್ಸಿಕೊದ ಕುರುಡು ಗುಹೆಮೀನು ಮೈಮೇಲಿನ ಸೂಕ್ಷ್ಮ ಗ್ರಾಹಕಗಳಿಂದ ನೀರಿನ ಅಲುಗಾಟವನ್ನು ಅರಿಯುತ್ತದೆ. ಹಾಗೆಯೇ ನಿಮ್ಮ ಪ್ರಾಣಿ ಕಲ್ಲಿನ ಕಂಪನವನ್ನು ಪಾದದಿಂದ ಗ್ರಹಿಸಬಹುದು. ಅದಕ್ಕೊಂದು ಮಿತಿಯನ್ನೂ ಕೊಡಿ. ಗುಹೆಯಲ್ಲಿ ಸದಾ ನೀರು ತೊಟ್ಟಿಕ್ಕುತ್ತಿರುವುದರಿಂದ ಆ ಸದ್ದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ. ಹಾಗೆ ತೆಗೆದುಕೊಂಡರೆ ಹನಿಹನಿಗೂ ಎದ್ದು ದಣಿದು ಸಾಯುತ್ತದೆ.

ದೃಶ್ಯ ಬರೆಯುವಾಗ ಈ ಮಿತಿಯೇ ಕೈಹಿಡಿಯುತ್ತದೆ. ದೀಪ ಕೆಟ್ಟ ಭೂವಿಜ್ಞಾನಿ ಹನಿ ಬೀಳುವ ಲಯವನ್ನು ಎಣಿಸಿ, ಪ್ರತಿ ಹನಿಗೊಂದರಂತೆ ಹೆಜ್ಜೆಯಿಟ್ಟು ಹೊರದಾರಿಯ ಕಡೆ ಸರಿಯುತ್ತಿದ್ದಾಳೆ. ಮೂವತ್ತೊಂದನೆಯ ಹೆಜ್ಜೆಗೆ ಕಾಲೆತ್ತಿದ್ದಾಳೆ, ಹನಿ ಬೀಳಲಿಲ್ಲ. ಮೇಲೆ, ನೀರು ಒಸರುವ ಬಿರುಕಿನ ಬಾಯಿಗೆ ಏನೋ ಬಂದು ಕೂತಿದೆ.