ಹೂ ಬಿಟ್ಟಿತು, ಕಾಯಿ ಕಟ್ಟಲಿಲ್ಲ: ರನ್ನರ್ ಬೀನ್ಸ್ ಜೊತೆ ಒಂದು ಬೇಸಿಗೆ

2022ರ ಜುಲೈ. ಇಂಗ್ಲೆಂಡ್‌ನ ನಮ್ಮ ಹಿತ್ತಿಲಲ್ಲಿ ರನ್ನರ್ ಬೀನ್ಸ್ ಬಳ್ಳಿ ಕೋಲಿನ ತುದಿ ದಾಟಿ, ಮೈತುಂಬ ಕೆಂಪು ಹೂ ಬಿಟ್ಟಿತ್ತು. ನಾನಾಗಲೇ ಪಲ್ಯದ ಲೆಕ್ಕ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ನೆಲವೆಲ್ಲ ಕೆಂಪು. ಬಳ್ಳಿಯಲ್ಲಿ ಒಂದೇ ಒಂದು ಕಾಯಿ ಇಲ್ಲ.

ಮೊದಲು ಅನುಮಾನ ಬಂದಿದ್ದು ಕಪ್ಪು ಹೇನಿನ ಮೇಲೆ. ಊರಲ್ಲಿ ಅವರೆ ಕುಡಿಗೆ ಮುತ್ತುತ್ತದಲ್ಲ, ಹಾಗೇ ಇಲ್ಲೂ ಮುತ್ತಿತ್ತು. ಬೆರಳಲ್ಲಿ ಉಜ್ಜಿ, ಜೋರಾಗಿ ನೀರು ಬಿಟ್ಟು ತೊಳೆದೆ. ಹೇನು ಹೋಯಿತು, ಹೂ ಉದುರುವುದು ನಿಲ್ಲಲಿಲ್ಲ. ಅಮ್ಮ ಫೋನಲ್ಲಿ "ಹುಳಿ ಮಜ್ಜಿಗೆ ಚಿಮುಕಿಸು" ಅಂದರು. ಕರಿಬೇವಿನಿಂದ ಹಿಡಿದು ಎಲ್ಲ ಗಿಡಕ್ಕೂ ಅವರದು ಅದೇ ಮದ್ದು. ಅದೂ ಆಯಿತು.

ಆಮೇಲೆ ಬಿದ್ದ ಹೂಗಳನ್ನೇ ಕೈಗೆತ್ತಿಕೊಂಡೆ. ಕೆಲವದರ ಬುಡದಲ್ಲಿ ಸಣ್ಣ ತೂತು. ಗಿಡ್ಡ ನಾಲಿಗೆಯ ಬಂಬಲ್‌ಬೀ ಅನ್ನುವ ದಪ್ಪ ರೋಮದ ದುಂಬಿ ಮಾಡುವ ಕೆಲಸ ಅದು. ಮುಂಬಾಗಿಲಿಂದ ಮಕರಂದ ಎಟುಕುವುದಿಲ್ಲ, ಅದಕ್ಕೇ ಹಿಂದಿನಿಂದ ಕನ್ನ ಹಾಕಿ ಹೀರುತ್ತದೆ. ಹಾಗಾಗಿ ಪರಾಗ ಮೈಗೆ ತಗಲುವುದೇ ಇಲ್ಲ. ಕಳ್ಳ ಸಿಕ್ಕ ಅಂದುಕೊಂಡೆ. ಆದರೆ ತೂತಿಲ್ಲದ ಹೂಗಳೂ ರಾಶಿ ಬಿದ್ದಿದ್ದವಲ್ಲ!

ಅಸಲಿ ತೊಂದರೆ ಸೆಖೆ. ಆ ಜುಲೈ 19ರಂದು ಈ ದೇಶದಲ್ಲಿ ಮೊದಲ ಸಲ ಬಿಸಿಲು 40 ಡಿಗ್ರಿ ದಾಟಿತು. ಈ ಬಳ್ಳಿಯ ತವರು ಮೆಕ್ಸಿಕೋ, ಮಧ್ಯ ಅಮೆರಿಕದ ತಂಪು ಬೆಟ್ಟಗಳು. ರಾತ್ರಿಯೂ ಸೆಖೆಯಾದರೆ, ಬೇರಿಗೆ ನೀರು ಸಾಲದಿದ್ದರೆ ಹೂ ಕಳಚುತ್ತದೆ. ನಾನೋ ದಿನಾ ಸಂಜೆ ಸುಮ್ನೆ ಮೇಲೆ ಮೇಲೆ ನೀರು ಚಿಮುಕಿಸಿ ಒಳಗೆ ಬರುತ್ತಿದ್ದೆ. ಬೆರಳು ಚುಚ್ಚಿ ನೋಡಿದರೆ ಎರಡಿಂಚು ಕೆಳಗೆ ಮಣ್ಣು ಬೂದಿಯಂತಿತ್ತು.

ಅವತ್ತಿಂದ ದಿನ ಬಿಟ್ಟು ದಿನ, ಬುಡಕ್ಕೇ, ಮಣ್ಣು ಆಳದವರೆಗೆ ನೆನೆಯುವಷ್ಟು ನೀರು. ಕತ್ತರಿಸಿದ ಹುಲ್ಲನ್ನು ಬುಡಕ್ಕೆ ಹೊದಿಸಿದೆ. ಆಗಸ್ಟ್‌ನಲ್ಲಿ ನಮ್ಮ ಕಡೆ ಹೋಸ್‌ಪೈಪ್ ಬಳಸಬಾರದು ಅಂತಾಯಿತು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಎಲ್ಲ ಬಕೆಟ್‌ಗೆ ತುಂಬಿ ಹೊತ್ತೆ. ಸೊಂಟ ಹಿಡಿದುಕೊಂಡಿದ್ದು ಬೇರೆ ಕಥೆ.

ಸೆಪ್ಟೆಂಬರ್‌ನಲ್ಲಿ ರಾತ್ರಿ ತಣ್ಣಗಾದ ಮೇಲೆ ಕಾಯಿ ಬಂತು ನೋಡಿ, ಕುಯ್ದಷ್ಟೂ ಮುಗಿಯದು. ಎರಡು ದಿನ ಬಿಟ್ಟರೆ ನಾರು ಜಾಸ್ತಿ, ಪಲ್ಯಕ್ಕೆ ಆಗುವುದಿಲ್ಲ. ಬಲಿತ ಕಾಯಿ ಬಳ್ಳಿಯಲ್ಲೇ ಉಳಿದರೆ ಹೊಸ ಹೂವೂ ಕಡಿಮೆಯಾಗುತ್ತದೆ.

ಎಲೆ ಮರೆಯಲ್ಲಿ ಒಂದು ಕಾಯಿ ತಪ್ಪಿಸಿಕೊಂಡು ಬಲಿತಿತ್ತು. ಒಳಗೆ ನೇರಳೆ ಮೇಲೆ ಕಪ್ಪು ಚುಕ್ಕಿಯ ಕಾಳು. ಅದನ್ನು ಒಣಗಿಸಿ ಮುಂದಿನ ಮೇ ತಿಂಗಳಿಗೆ ಎತ್ತಿಟ್ಟೆ.