ಪಿಚ್ ಕಾಯಿಸುವಾಗ ಸಾಫ್ಟನಿಂಗ್ ಪಾಯಿಂಟ್ ಒಂದನ್ನೇ ನಂಬಬೇಡಿ

ಕಾರ್ಬನ್ ಫೈಬರ್‌ಗೆ ಪೆಟ್ರೋಲಿಯಂ ಪಿಚ್ (ಭಾರದ ಎಣ್ಣೆಯನ್ನು ಬೇಯಿಸಿದಾಗ ಸಿಗುವ ಕಪ್ಪು, ಟಾರಿನಂಥ ವಸ್ತು) ಮಾಡುತ್ತೇವೆ ಎಂದರೆ ಎಲ್ಲರೂ ಮೊದಲು ಕೇಳುವುದು ಸಾಫ್ಟನಿಂಗ್ ಪಾಯಿಂಟ್, ಅಂದರೆ ಅದು ಮೆತ್ತಗಾಗುವ ಬಿಸಿ, ಎಷ್ಟು ಅಂತ. 240 ಡಿಗ್ರಿ ಅಂದರೆ ಸಮಾಧಾನ. ಆದರೆ ಅದೇ 240ರ ಎರಡು ಪಿಚ್‌ಗಳಲ್ಲಿ ಒಂದು ಎಳೆಯಾಗಿ ಸಲೀಸಾಗಿ ಇಳಿಯುತ್ತದೆ, ಇನ್ನೊಂದು ಸುತ್ತುರುಳೆ ತಲುಪುವ ಮೊದಲೇ ಕಡಿಯುತ್ತದೆ. ತೀರಾ ಹಗುರ ಅಣುಗಳೂ ತೀರಾ ಭಾರದ ಅಣುಗಳೂ ಬೆರೆತರೂ ಅದೇ ಅಂಕಿ ಬರಬಹುದು. ಹಗುರವಾದದ್ದು ನಳಿಕೆಯ ಬಿಸಿಗೆ ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಭಾರದ್ದು ಕರಗದೆ ಗಂಟಾಗಿ ಉಳಿಯುತ್ತದೆ. ಶಿವಮೊಗ್ಗದ ನಮ್ಮ ಸಣ್ಣ ಲ್ಯಾಬಿನಲ್ಲಿ ಐಸೋಟ್ರೋಪಿಕ್ ಪಿಚ್ (ಅಣುಗಳು ಒಂದೇ ದಿಕ್ಕಿಗೆ ಜೋಡಿಕೊಳ್ಳದ ಪಿಚ್) ಮಾಡುವ ಇಡೀ ಕ್ರಮ ಈ ಎರಡು ತುದಿಗಳನ್ನು ಕತ್ತರಿಸುವುದರ ಸುತ್ತಲೇ ಇದೆ.

ಕಚ್ಚಾಮಾಲು ರಿಫೈನರಿಯ ಎಫ್‌ಸಿಸಿ ಘಟಕದ (ಭಾರದ ಎಣ್ಣೆಯನ್ನು ಕೆಟಲಿಸ್ಟ್ ಪುಡಿಯ ನೆರವಿನಿಂದ ಒಡೆಯುವ ಘಟಕ) ತಳದಲ್ಲಿ ಉಳಿಯುವ ಸ್ಲರಿ ಆಯಿಲ್. ಉಂಗುರ ರಚನೆಯ ಅಣುಗಳು ಹೆಚ್ಚಿರುವುದರಿಂದ ಇದು ಪಿಚ್ಚಿಗೆ ಹೇಳಿಮಾಡಿಸಿದ್ದು. ತೊಂದರೆ ಎರಡು. ಮೊದಲನೆಯದು ನೀರು. ಘಟ್ಟ ಹತ್ತಿ ಬಂದ ಡ್ರಮ್ಮನ್ನು ಮಳೆಗಾಲದಲ್ಲಿ ಹೊರಗೆ ನಿಲ್ಲಿಸಿದರೆ ಮುಚ್ಚಳದ ಸಂದಿಯಿಂದ ನೀರು ಇಳಿಯುತ್ತದೆ. ನಮಗೆ ಸಿಗುವ ಎಣ್ಣೆ ನೀರಿಗಿಂತ ಭಾರ. ಹಾಗಾಗಿ ನೀರು ತಳದಲ್ಲಲ್ಲ, ಮೇಲೆ ನಿಲ್ಲುತ್ತದೆ. ತಳದ ನಲ್ಲಿ ಬಿಟ್ಟು ನೋಡಿ ನೀರಿಲ್ಲ ಅಂದುಕೊಳ್ಳಬೇಡಿ. ಡ್ರಮ್ಮನ್ನು 70–80 ಡಿಗ್ರಿಗೆ ಬೆಚ್ಚಗೆ ಮಾಡಿ, ಮೇಲಿನ ಪದರವನ್ನು ತೆಗೆದು, ಆಮೇಲೆ ಕಲಕಿ ಸ್ಯಾಂಪಲ್ ತೆಗೆಯಿರಿ.

ಎರಡನೆಯದು ಆ ಘಟಕದಿಂದ ಎಣ್ಣೆಯೊಂದಿಗೇ ಬರುವ ಕೆಟಲಿಸ್ಟ್ ಪುಡಿ. ಸಿಲಿಕಾ ಮತ್ತು ಅಲ್ಯುಮಿನಾದ ಈ ಸೂಕ್ಷ್ಮ ಕಣಗಳು ಕೊನೆಯವರೆಗೂ ಪಿಚ್ಚಿನಲ್ಲೇ ಉಳಿಯುತ್ತವೆ. ಲೆಕ್ಕ ಸರಳ: ಒಂದು ಕೆಜಿ ಎಣ್ಣೆಗೆ ಕಾಲು ಕೆಜಿ ಪಿಚ್ ಸಿಕ್ಕರೆ ಬೂದಿಯ (ಸುಟ್ಟರೂ ಉಳಿಯುವ ಈ ಕಣಗಳ) ಪ್ರಮಾಣ ನಾಲ್ಕು ಪಟ್ಟಾಗುತ್ತದೆ. ಎಣ್ಣೆಯಲ್ಲಿ 0.02 ಶೇಕಡಾ ಇದ್ದದ್ದು ಪಿಚ್ಚಿನಲ್ಲಿ 0.08. ಹತ್ತು ಹನ್ನೆರಡು ಮೈಕ್ರಾನ್ ದಪ್ಪದ ಎಳೆಯೊಳಗೆ ಐದು ಮೈಕ್ರಾನ್ ಕಣ ಕೂತರೆ ಆ ಜಾಗ ಮುರಿದಂತೆಯೇ. ಎಣ್ಣೆಯನ್ನು 120 ಡಿಗ್ರಿಗೆ ಕಾಯಿಸಿ, ನೈಟ್ರೋಜನ್ ಒತ್ತಡದಲ್ಲಿ 5 ಮೈಕ್ರಾನ್ ಸಿಂಟರ್ಡ್ ಸ್ಟೀಲ್ ಫಿಲ್ಟರ್ ಮೂಲಕ ಸೋಸುತ್ತೇವೆ. ಟಾಲ್ವಿನ್ ಬೆರೆಸಿ ತೆಳುಮಾಡಿ ಸೋಸುವವರೂ ಇದ್ದಾರೆ. ಆ ದ್ರಾವಕವನ್ನು ಮತ್ತೆ ಪೂರ್ತಿ ಹೊರಗಟ್ಟುವ ತಲೆನೋವು ಮತ್ತು ಬೆಂಕಿಯ ಭಯ ಎರಡೂ ಸೇರಿ ನನಗೆ ಅದು ಬೇಡ ಅನಿಸಿದೆ.

ರಿಯಾಕ್ಟರು 2 ಲೀಟರಿನದು, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಫೌಂಡ್ರಿ, ಫ್ಯಾಬ್ರಿಕೇಶನ್ ಕೆಲಸಕ್ಕೆ ಶಿವಮೊಗ್ಗದಲ್ಲಿ ಕೊರತೆಯಿಲ್ಲ, ವೆಲ್ಡಿಂಗ್ ಇಲ್ಲೇ ಆಗುತ್ತದೆ. ಒಂದು ಕೆಜಿಗಿಂತ ಹೆಚ್ಚು ತುಂಬಬೇಡಿ. ಉಳಿದ ಜಾಗ ನೊರೆಗೆ ಬೇಕು. 100ರಿಂದ 130 ಡಿಗ್ರಿ ನಡುವೆ ಅವಸರ ಮಾಡದೆ ನೀರನ್ನು ಹೋಗಲು ಬಿಡಬೇಕು. ಆಮೇಲೆ ನಿಮಿಷಕ್ಕೆ 3 ಡಿಗ್ರಿಯಂತೆ 350ರವರೆಗೆ, ಅಲ್ಲಿಂದ 395ರವರೆಗೆ ನಿಮಿಷಕ್ಕೆ 1 ಡಿಗ್ರಿ. ನೈಟ್ರೋಜನ್ ನಿಮಿಷಕ್ಕೆ ಒಂದು ಲೀಟರ್, ಕಲಕುವ ಸ್ಟರರ್ ನಿಮಿಷಕ್ಕೆ 250 ಸುತ್ತು. 395ರಲ್ಲಿ ಮೂರರಿಂದ ಐದು ಗಂಟೆ. ಎಷ್ಟು ಎಂಬುದನ್ನು ಎಣ್ಣೆಯೇ ಹೇಳಬೇಕು.

ಈ ಹಂತದಲ್ಲಿ 10 ಡಿಗ್ರಿ ಜಾಸ್ತಿಯಾದರೆ ಕ್ರಿಯೆಯ ವೇಗ ಒಂದೂವರೆ ಪಟ್ಟು ದಾಟುತ್ತದೆ. ಅದಕ್ಕೇ ಬಿಸಿ ಅಳೆಯುವ ಥರ್ಮೋಕಪಲ್ ಎರಡು ಬೇಕು, ಒಂದು ದ್ರವದೊಳಗೆ, ಇನ್ನೊಂದು ಗೋಡೆಗೆ. ಗೋಡೆ ದ್ರವಕ್ಕಿಂತ 20 ಡಿಗ್ರಿಗೂ ಹೆಚ್ಚು ಬಿಸಿಯಾದರೆ ಅಲ್ಲಿ ಕೋಕ್ (ಇದ್ದಿಲಿನಂಥ ಗಟ್ಟಿ ಇಂಗಾಲ) ಕಚ್ಚಿಕೊಂಡು ಚಕ್ಕೆಚಕ್ಕೆಯಾಗಿ ಪಿಚ್ಚಿಗೆ ಬೀಳುತ್ತದೆ.

ಕರೆಂಟು ಹೋಗುವುದಕ್ಕೆ ಮಲೆನಾಡಿನಲ್ಲಿ ಮಳೆಗಾಲವೇ ಬೇಕಿಲ್ಲ, ಜೋರು ಗಾಳಿ ಸಾಕು. ಸ್ಟರರ್ ನಿಂತ ಕ್ಷಣದಿಂದ ಗೋಡೆಯ ಪಕ್ಕದ ಪಿಚ್ ಅತಿಯಾಗಿ ಬೇಯುತ್ತದೆ, ಏಕೆಂದರೆ ಹೀಟರ್ ಆಫ್ ಆದರೂ ಅದರ ಬಿಸಿ ಆರಲು ಹೊತ್ತು ಬೇಕು. ಸ್ಟರರನ್ನೂ ತಾಪಮಾನದ ಡಿಸ್‌ಪ್ಲೇಯನ್ನೂ ಯುಪಿಎಸ್‌ಗೆ ಹಾಕಿ, ಹೀಟರನ್ನು ಹಾಕಬೇಡಿ. ಹೀಟರ್ ಮ್ಯಾಂಟಲ್ (ರಿಯಾಕ್ಟರನ್ನು ಸುತ್ತುವ ಬಿಸಿ ಕವಚ) ಜ್ಯಾಕ್ ಮೇಲೆ ಕೂತಿರಲಿ, ಕೈಯಿಂದ ಕೆಳಗಿಳಿಸಲು ಬರುವಂತೆ.

ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುತ್ತದೆ. ಕಂಡೆನ್ಸರ್ ಆದಮೇಲೆ ಕಾಸ್ಟಿಕ್ ಸೋಡಾ ದ್ರಾವಣದ ಬಾಟಲಿ ಕಡ್ಡಾಯ. ವಾಸನೆ ನಿಂತಿತು ಎಂದು ಧೈರ್ಯ ಬೇಡ, ಈ ಅನಿಲ ಮೂಗನ್ನೇ ಮಂಕುಮಾಡುತ್ತದೆ. ಇದನ್ನು ಅಳೆಯುವ ಮೀಟರ್ ಇಟ್ಟುಕೊಳ್ಳಿ.

ಬೇಯಿಸಿದ ಮೇಲೆ ಉಳಿದ ಹಗುರಾಂಶ ತೆಗೆಯಲು 340 ಡಿಗ್ರಿಗೆ ಇಳಿಸಿ 5 ಮಿಲಿಬಾರ್ ನಿರ್ವಾತ, ಒಂದು ಗಂಟೆ. ಸಾಫ್ಟನಿಂಗ್ ಪಾಯಿಂಟ್ ಏರಿಸಲು ಎರಡು ದಾರಿ: ಇನ್ನಷ್ಟು ಬೇಯಿಸುವುದು ಅಥವಾ ಇನ್ನಷ್ಟು ಎಳೆದು ತೆಗೆಯುವುದು. ಬೇಯಿಸುವುದು ಸುಲಭ, ಆದರೆ ಭಾರದ ತುದಿ ಬೆಳೆಯುತ್ತದೆ. ಇಳುವರಿ ಕಮ್ಮಿಯಾದರೂ ಚಿಂತೆಯಿಲ್ಲ, ನಾನು ನಿರ್ವಾತದ ಪರ. ನಿರ್ವಾತ ಬಿಡುವಾಗ ನೈಟ್ರೋಜನ್‌ನಿಂದಲೇ ಬಿಡಬೇಕು. ಆ ಬಿಸಿಯಲ್ಲಿ ಗಾಳಿ ಒಳಗೆ ಹೋದರೆ ಬೆಂಕಿ ಹೊತ್ತುತ್ತದೆ. 300ರ ಆಸುಪಾಸಿನಲ್ಲಿ ಟ್ರೇಗೆ ಸುರಿಯಿರಿ. ಇನ್ನೂ ಆರಿದರೆ ರಿಯಾಕ್ಟರಿನಿಂದ ಉಳಿಯಲ್ಲಿ ಕೆತ್ತಬೇಕಾಗುತ್ತದೆ.

ಸಾಫ್ಟನಿಂಗ್ ಪಾಯಿಂಟ್ ಪರೀಕ್ಷೆಗೆ ರಿಂಗ್ ಅಂಡ್ ಬಾಲ್ (ಉಂಗುರದಲ್ಲಿನ ಪಿಚ್ ಮೇಲೆ ಗುಂಡಿಟ್ಟು ಗ್ಲಿಸರಿನ್ನಿನಲ್ಲಿ ಕಾಯಿಸುವ ವಿಧಾನ) ಇಲ್ಲಿ ಕೆಲಸಕ್ಕೆ ಬಾರದು, ಗ್ಲಿಸರಿನ್ ಅಷ್ಟು ಬಿಸಿ ತಡೆಯುವುದಿಲ್ಲ. ಬಿಸಿಗಾಳಿಯ ಕಪ್ ವಿಧಾನ ಬೇಕು. ಅದರ ಜೊತೆಗೆ ಮೂರು ಕೆಲಸ. 10 ಗ್ರಾಂ ಪಿಚ್ಚನ್ನು ನೈಟ್ರೋಜನ್‌ನಲ್ಲಿ 300 ಡಿಗ್ರಿಗೆ ಅರ್ಧ ಗಂಟೆ ಇಟ್ಟು ತೂಗಿ, 0.1 ಗ್ರಾಂಗಿಂತ ಹೆಚ್ಚು ಕಳೆದರೆ ಮತ್ತೆ ನಿರ್ವಾತಕ್ಕೆ. ತುಣುಕೊಂದನ್ನು ಪಾಲಿಶ್ ಮಾಡಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ. ಬ್ರೂಕ್ಸ್ ಮತ್ತು ಟೇಲರ್ 1965ರಲ್ಲಿ ವಿವರಿಸಿದ ಮೆಸೋಫೇಸ್ ಗೋಲಗಳು (ಅಣುಗಳು ಸಾಲಾಗಿ ಜೋಡಿಕೊಂಡ ಸೂಕ್ಷ್ಮ ಗುಂಡುಗಳು) ಅಲ್ಲಲ್ಲಿ ಹೊಳೆದರೆ ಆ ಬ್ಯಾಚ್ ನೂಲಲು ಬಾರದು. ಪೂರ್ತಿ ಮೆಸೋಫೇಸ್ ಆದ ಪಿಚ್ ಬೇರೆಯದೇ ಒಳ್ಳೆಯ ಮಾಲು, ಅರೆಬರೆಯಾದದ್ದು ಯಾವುದಕ್ಕೂ ಇಲ್ಲ.

ಮೂರನೆಯದು ಎಳೆ ನೋಡುವುದು, ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡಿದ ಹಾಗೆ. 280–300 ಡಿಗ್ರಿಯಲ್ಲಿ ಕರಗಿದ ಪಿಚ್ಚಿಗೆ ಗಾಜಿನ ಕಡ್ಡಿ ಅದ್ದಿ ಎಳೆಯಿರಿ. ಕಡಿದ ತುದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಾರಣ ಅಲ್ಲೇ ಇರುತ್ತದೆ: ಪೊಳ್ಳಾದ ಕುಳಿ ಇದ್ದರೆ ಗುಳ್ಳೆ, ಕಣ ಕಂಡರೆ ಕೆಟಲಿಸ್ಟ್ ಅಥವಾ ಕೋಕ್, ಕನ್ನಡಿಯಂತೆ ನುಣ್ಣಗೆ ಮುರಿದಿದ್ದರೆ ಬಿಸಿ ಸಾಲದು, ತುದಿ ಹನಿಯಾಗಿದ್ದರೆ ಬಿಸಿ ಹೆಚ್ಚು.

ಪಿಚ್ ಪುಡಿ ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಉರಿ ಏಳುತ್ತದೆ, ಇದರಲ್ಲಿ ಕ್ಯಾನ್ಸರ್‌ಕಾರಕಗಳೂ ಇವೆ. ತೋಳು ಮುಚ್ಚಿ, ಮಾಸ್ಕ್ ಹಾಕಿ ಸಂಜೆ ಮೇಲೆ ಕುಟ್ಟಿ. ಸೋಪಿನಿಂದ ತೊಳೆಯಿರಿ, ಟಾಲ್ವಿನ್‌ನಿಂದಲ್ಲ. ಕುಟ್ಟಿದ ಪುಡಿ ಆಷಾಢದ ತೇವ ಹಿಡಿಯುತ್ತದೆ, ನೂಲುವ ಮೊದಲು 110 ಡಿಗ್ರಿಯಲ್ಲಿ ನಿರ್ವಾತ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಬೇಕು. ನಿರ್ವಾತದಲ್ಲಿ ಕಂಡೆನ್ಸರಿಗೆ ಬಂದ ದಪ್ಪ ಎಣ್ಣೆಯನ್ನು ಚೆಲ್ಲಬೇಡಿ. ಅದರಲ್ಲಿ ಬೂದಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಮುಂದಿನ ಬ್ಯಾಚಿನ ಎಣ್ಣೆಗೆ ಸೇರಿಸಬಹುದು.